ಟ. ಬೈರಪ್ಪ

ರಾಮನಗರ
೬ ಜೂನ್ ೨೦೦೫

ಶ್ರೀಮತಿ ಕಾವೇರಮ್ಮನವರಿಗೆ,
ಮೇಲ್ವಿಚಾರಕರು, ಊರುಗೋಲು ಸೇವಾ ಟ್ರಸ್ಟ್, ಮರಳವಾಡಿ ಶಾಖೆ

ಮಾನ್ಯರೇ,

ಕಳೆದ ತಿಂಗಳಿನಿಂದ ನಾನು ನಮ್ಮ ಟ್ರಸ್ಟಿನ ಕೇಂದ್ರ ಕಚೇರಿಯಲ್ಲಿ ಯೋಜನಾಧಿಕಾರಿಯಾಗಿದ್ದೇನೆ. ಮರಳವಾಡಿ ಕ್ರಾಸಿನಲ್ಲಿ ನಮ್ಮ ಆಸ್ಪತ್ರೆ ವ್ಯಾನು ನಿಲ್ಲಿಸುವ ಜಾಗ, ಪ್ರಯಾಣಿಕರು ಕಾಯುವ ಕೋಣೆ ಮತ್ತು ಶೌಚಾಲಯ ಇರುವ ಒಂದು ಕಟ್ಟಡ ಕಟ್ಟಬೇಕೆಂಬ ಪ್ರಸ್ತಾವ ಆಡಳಿತ ಸಮಿತಿಯ ಮುಂದಿರುವುದು ತಮಗೆ ತಿಳಿದೇ ಇದೆ. ಈ ನಡುವೆ ಹಾರೋಹಳ್ಳಿಯ ಕಾರ್ಖಾನೆಯವರು ತಮ್ಮ ಕೆಲಸಗಾರರಿಗಾಗಿ ವಾರಕ್ಕೊಂದು ದಿನ ನಮ್ಮ ವ್ಯಾನು ಕೇಳಿದ್ದಾರೆ. ಒಪ್ಪಿದರೆ ಕಟ್ಟಡಕ್ಕೆ ಅಲ್ಲಿಯೇ ಜಾಗ ಕೊಡುವುದಾಗಿಯೂ ಹೇಳಿದ್ದಾರೆ.

ಆದ್ದರಿಂದ ಸಮಿತಿ ಒಂದು ತೀರ್ಮಾನಕ್ಕೆ ಬಂದಿದೆ. ಸೋಮವಾರ, ಬುಧವಾರ, ಶುಕ್ರವಾರದ ಮೂರೂ ಟ್ರಿಪ್ಪುಗಳಲ್ಲಿ ಹನ್ನೆರಡು ಸೀಟೂ ತುಂಬುತ್ತಿದ್ದರೆ ಕಟ್ಟಡ ಮರಳವಾಡಿಗೆ. ಯಾವುದಾದರೂ ದಿನ ಸೀಟು ಖಾಲಿ ಉಳಿಯುತ್ತಿದ್ದರೆ ಆ ದಿನದ ವ್ಯಾನು ಹಾರೋಹಳ್ಳಿಗೆ, ಕಟ್ಟಡವೂ ಅಲ್ಲಿಗೇ. ಸೋಮವಾರದ ಬಗ್ಗೆ ಸಮಿತಿಗೆ ಅನುಮಾನವಿದೆ. ಕಳೆದ ಹದಿನಾಲ್ಕು ತಿಂಗಳ ಪ್ರಯಾಣಿಕರ ರಿಜಿಸ್ಟರನ್ನು ದಯವಿಟ್ಟು ಕಳುಹಿಸಿಕೊಡುವುದು.

ತಮ್ಮ ವಿಶ್ವಾಸಿ,
ಭಾನುಪ್ರಿಯ


ಮರಳವಾಡಿ
೧೪ ಜೂನ್ ೨೦೦೫

ಭಾನುಪ್ರಿಯ ಮೇಡಂ ಅವರಿಗೆ,

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅರ್ಥವಾಗಲಿಲ್ಲ, ಎರಡನೇ ಸಲ ಸಿಟ್ಟು ಬಂತು. ಸಿಟ್ಟು ಇಳಿಯಲಿ ಅಂತ ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಅರ್ಧ ಇಳಿದಿದೆ.

ನಾನು ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಸೊಸೆಯ ಅಡುಗೆಗೆ ಉಪ್ಪು ಖಾರ ಹೇಳುವುದು ಬೇಡ ಅಂತ ಈ ವ್ಯಾನಿನ ಉಸಾಬರಿ ಒಪ್ಪಿಕೊಂಡೆ. ಸುತ್ತಮುತ್ತಲ ಹಳ್ಳಿಗಳವರಿಗೆ ಈಗಲೂ ನಾನು ನರ್ಸಮ್ಮನೇ.

ಸೋಮವಾರ ಕನಕಪುರದ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿಯವರನ್ನು ನೋಡುವ ದಿನ. ಅವತ್ತು ನಮ್ಮ ವ್ಯಾನು ಹತ್ತುವವರು ಯಾರು ಗೊತ್ತೆ? ಎರಡು ಮಂಡಿಯೂ ಹಿಡಿದುಕೊಂಡಿರುವ ಗಂಗಹನುಮಯ್ಯ, ಕಣ್ಣು ಮಂಜಾದ ಮುನಿರಾಮಯ್ಯ, ಇಂಥವರು. ಇವರು ಬಸ್ ಸ್ಟಾಪಿನ ತನಕ ನಡೆಯಲಾರರು. ನಡೆದರೂ ಬಸ್ಸಿನ ಮೆಟ್ಟಿಲು ಹತ್ತಲಾರರು. ಹತ್ತಲು ಹೋದರೂ ಬಾಗಿಲ ತುಂಬ ಹಾರೋಹಳ್ಳಿ ಫ್ಯಾಕ್ಟರಿಗೆ ಹೋಗುವವರೇ ಜೋತಾಡುತ್ತಿರುತ್ತಾರೆ. ಫ್ಯಾಕ್ಟರಿ ಬಂದದ್ದಕ್ಕೆ ನನಗೇನೂ ಬೇಜಾರಿಲ್ಲ, ನಮ್ಮೂರಿನ ಹೆಣ್ಣುಮಕ್ಕಳೂ ಹೋಗಿ ಸಂಬಳ ತರುತ್ತಿದ್ದಾರೆ. ಆದರೆ ಅವರಿಗೆ ಕಾಲು ಗಟ್ಟಿಯಾಗಿವೆ. ಕಾಲು ಗಟ್ಟಿ ಇರುವವರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗಬೇಕು ಹೇಳಿ.

ರಿಜಿಸ್ಟರು ಕಳಿಸಿದ್ದೇನೆ. ಬರೆದವನು ನಮ್ಮ ಡ್ರೈವರ್ ನಟರಾಜು. ಅಕ್ಷರ ಕೋಳಿ ಕೆದಕಿದ ಹಾಗಿದೆ, ಆದರೆ ಹುಡುಗ ಸುಳ್ಳು ಬರೆಯುವವನಲ್ಲ. ಕುರ್ಚಿಯಲ್ಲಿ ಕೂತು ಸೀಟು ಎಣಿಸುವ ಬದಲು ಒಂದು ಸೋಮವಾರ ಬಂದು ನಮ್ಮ ಜೊತೆ ಕನಕಪುರಕ್ಕೆ ಹೋಗಿಬನ್ನಿ. ಊಟ ನಮ್ಮ ಮನೆಯಲ್ಲಿ. ಸೊಸೆಯ ಅಡುಗೆಗೆ ಉಪ್ಪು ಸ್ವಲ್ಪ ಕಡಿಮೆ ಇರುತ್ತದೆ, ಹೇಳಿರುತ್ತೇನೆ.

ಕಾವೇರಮ್ಮ


ರಾಮನಗರ
೨ ಜುಲೈ ೨೦೦೫

ಶ್ರೀಮತಿ ಕಾವೇರಮ್ಮನವರಿಗೆ,

ವಂದನೆಗಳು. ರಿಜಿಸ್ಟರು ತಲುಪಿತು. ನಟರಾಜು ಅವರ ಅಕ್ಷರ ಓದುವುದಕ್ಕೆ ಎರಡು ವಾರ ಹಿಡಿಯಿತು. ಈಗ ಒಂದು ಸಂತೋಷದ ವಿಷಯ ತಿಳಿಸುತ್ತೇನೆ.

ಸೋಮವಾರದ ಪುಟಗಳಲ್ಲಿ ಒಂದು ಹೆಸರು ನನ್ನ ಗಮನ ಸೆಳೆಯಿತು. ಮೂರನೇ ಸೀಟು, ಟ. ಬೈರಪ್ಪ. ಕಳೆದ ವರ್ಷದ ಏಪ್ರಿಲ್ ೧೯ರಿಂದ ಈ ವರ್ಷದ ಮೇ ೩೦ರವರೆಗೆ ಐವತ್ತೊಂಬತ್ತು ಸೋಮವಾರ, ಒಂದೂ ತಪ್ಪಿಲ್ಲ. ಮಳೆ, ಹಬ್ಬ, ಮದುವೆ, ಯಾವುದಕ್ಕೂ ಅವರು ಗೈರುಹಾಜರಾಗಿಲ್ಲ. ‘ಹೋದರು’ ಎಂಬ ಕಡೆಗೂ ಗುರುತಿದೆ, ‘ಬಂದರು’ ಎಂಬ ಕಡೆಗೂ ಗುರುತಿದೆ. ಉಳಿದವರು ಹನ್ನೊಂದೇ ಜನ. ಬೈರಪ್ಪನವರೊಬ್ಬರು ಇಲ್ಲದಿದ್ದರೆ ಸೋಮವಾರದ ಟ್ರಿಪ್ಪು ಕೈಬಿಟ್ಟುಹೋಗುತ್ತಿತ್ತು. ಅವರ ವಿಷಯವನ್ನೇ ಸಮಿತಿಯ ಮುಂದೆ ಇಡಲಿದ್ದೇನೆ.

ಎರಡು ಸಣ್ಣ ಪ್ರಶ್ನೆ. ಅವರ ಮೊದಲ ಪ್ರಯಾಣ ಏಪ್ರಿಲ್ ೧೨ರಂದು. ಅವತ್ತು ಬರೀ ‘ಬೈರಪ್ಪ’ ಎಂದಿದೆ, ‘ಬಂದರು’ ಎಂಬಲ್ಲಿ ಖಾಲಿ. ನಟರಾಜು ಮರೆತಿರಬೇಕು, ಸರಿಪಡಿಸಲು ಹೇಳಿ. ಇನ್ನೊಂದು, ಹೆಸರಿನ ಹಿಂದಿನ ‘ಟ’ ಏನು? ತಂದೆಯ ಹೆಸರೋ ಊರೋ? ‘ಟ’ದಿಂದ ಶುರುವಾಗುವ ಊರೇ ಆ ಕಡೆ ಇಲ್ಲ ಎಂದು ನಮ್ಮ ಗುಮಾಸ್ತರು ವಾದ ಮಾಡುತ್ತಿದ್ದಾರೆ.

ನಿಮ್ಮ ಆಹ್ವಾನಕ್ಕೆ ಧನ್ಯವಾದ. ಕೆಲಸದ ಒತ್ತಡದಿಂದ ಸದ್ಯಕ್ಕೆ ಬರಲಾಗುವುದಿಲ್ಲ.

ವಿಶ್ವಾಸಿ,
ಭಾನುಪ್ರಿಯ


ಮರಳವಾಡಿ
೯ ಜುಲೈ ೨೦೦೫

ಭಾನುಪ್ರಿಯ ಮೇಡಂ ಅವರಿಗೆ,

ನಿಮ್ಮ ಪತ್ರ ನೋಡಿ ನಟರಾಜು ಮಧ್ಯಾಹ್ನದ ಊಟ ಬಿಟ್ಟ. ಯಾಕೆ ಅಂತ ಆಮೇಲೆ ಎಂದಾದರೂ ಹೇಳುತ್ತೇನೆ.

ಬೈರಪ್ಪ ಕುರಿ ಸಾಕುವ ಮನೆಯವನು. ಹೆಂಡತಿ ತಿಮ್ಮಮ್ಮ, ನನ್ನ ಕೈಯಲ್ಲೇ ಹೆರಿಗೆಯಾದವಳು. ವ್ಯಾನಿನಲ್ಲಿ ಬೈರಪ್ಪನಿಂದ ಯಾರಿಗೂ ಒಂದು ದಿನವೂ ತೊಂದರೆಯಾಗಿಲ್ಲ. ಕಿಟಕಿ ಪಕ್ಕ ಬೇಕು ಅಂದವನಲ್ಲ, ನಿಧಾನ ಓಡಿಸಪ್ಪ ಅಂದವನಲ್ಲ, ದಾರಿಯಲ್ಲಿ ಇಳಿಸಿ ಅಂದವನೂ ಅಲ್ಲ. ಇಟ್ಟ ಕಡೆ ಇರುತ್ತಾನೆ. ‘ಟ’ ಅನ್ನುವುದು ಊರಲ್ಲ, ತಂದೆಯ ಹೆಸರೂ ಅಲ್ಲ. ಹೆಗಲ ಮೇಲೆ ಹಾಕಿಕೊಂಡು ಓಡಾಡುವಂಥದ್ದು ಅಂತ ಇಟ್ಟುಕೊಳ್ಳಿ. ನಿಮ್ಮ ಗುಮಾಸ್ತರಿಗೆ ವಾದ ಗೆದ್ದಿರಿ ಅಂತ ಹೇಳಿ.

ಅವನ ವಿಷಯ ಸಮಿತಿಯ ಮುಂದೆ ಇಡಲೇಬೇಕೆ? ಸಂಕೋಚದ ಮನುಷ್ಯ. ಬೇರೆ ಯಾರನ್ನಾದರೂ ಆರಿಸಿಕೊಳ್ಳಿ. ಮತ್ತೆ, ಏಪ್ರಿಲ್ ೧೨ರ ಆ ಖಾಲಿ ಜಾಗವನ್ನು ಹಾಗೇ ಬಿಡಿ. ನಟರಾಜು ಮರೆತದ್ದಲ್ಲ ಅದು.

ಕೆಲಸದ ಒತ್ತಡ ನಮಗೂ ಇರುತ್ತದೆ, ಆದರೂ ಜನರ ಮನೆಗೆ ಹೋಗಿ ಬರುತ್ತೇವೆ. ಅಷ್ಟೇ ಹೇಳುತ್ತೇನೆ.

ಕಾವೇರಮ್ಮ


ರಾಮನಗರ
೨೧ ಜುಲೈ ೨೦೦೫

ಪ್ರಿಯ ಕಾವೇರಮ್ಮನವರಿಗೆ,

ಗೆದ್ದೆವು! ಸೋಮವಾರದ ಟ್ರಿಪ್ಪು ಉಳಿಯಿತು, ಕಟ್ಟಡ ಮರಳವಾಡಿಗೇ ಮಂಜೂರಾಯಿತು. ಬೈರಪ್ಪನವರ ಐವತ್ತೊಂಬತ್ತು ಸೋಮವಾರಗಳನ್ನು ಓದಿ ಹೇಳಿದಾಗ ಸಮಿತಿಯವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರಾದ ಮನೋಹರ್ ಅವರಂತೂ, ಗುದ್ದಲಿ ಪೂಜೆಗೆ ಯಾವ ದೊಡ್ಡವರನ್ನೂ ಕರೆಯುವುದು ಬೇಡ, ಮೊದಲ ಗುದ್ದಲಿ ಬೈರಪ್ಪನವರೇ ಹಾಕಲಿ ಎಂದರು. ಆಗಸ್ಟ್ ೨೨, ಸೋಮವಾರ, ಮಧ್ಯಾಹ್ನ ಮೂರೂವರೆಗೆ ಮುಹೂರ್ತ. ಅವರು ಎಂದಿನಂತೆ ವ್ಯಾನಿನಲ್ಲೇ ಬಂದಿಳಿಯಲಿ.

ವಾರ್ಷಿಕ ವರದಿಯಲ್ಲಿ ಅವರದೇ ಒಂದು ಪುಟ ಮಾಡಿಸುತ್ತಿದ್ದೇನೆ. ಒಂದು ಫೋಟೊ ಕಳಿಸಿ. ಆಮಂತ್ರಣವನ್ನು ಅವರ ಹೆಸರಿಗೇ ಅಂಚೆಯಲ್ಲಿ ಹಾಕಿದ್ದೇನೆ.

ಸಂತೋಷದಿಂದ,
ಭಾನುಪ್ರಿಯ


ಮರಳವಾಡಿ
೧ ಆಗಸ್ಟ್ ೨೦೦೫

ಭಾನುಪ್ರಿಯ ಅವರಿಗೆ,

ಕಟ್ಟಡದ ಸುದ್ದಿ ಕೇಳಿ ಊರಿನವರೆಲ್ಲ ಖುಷಿಯಾಗಿದ್ದಾರೆ. ನನಗೂ ಖುಷಿಯೇ, ನಿದ್ದೆ ಮಾತ್ರ ಬರುತ್ತಿಲ್ಲ.

ಬೈರಪ್ಪ ಈಗ ಊರಿನಲ್ಲಿಲ್ಲ. ಮಾಗಡಿಯಲ್ಲಿ ಮಗಳು ನಯನಳ ಮನೆಯಲ್ಲಿದ್ದಾನೆ. ನಿಮ್ಮ ಆಮಂತ್ರಣ ತಿಮ್ಮಮ್ಮನ ಕೈಗೆ ಬಂತು. ನಾನು ನೋಡುವಷ್ಟರಲ್ಲಿ ಅವಳು ಅದನ್ನು ಮಾಗಡಿಗೆ ಹೊರಟಿದ್ದ ಒಬ್ಬರ ಕೈಯಲ್ಲಿ ಕಳಿಸಿಯೂಬಿಟ್ಟಿದ್ದಳು. ಅವನು ಬರುವುದು ಅನುಮಾನ. ಗಂಗಹನುಮಯ್ಯನ ಕೈಯಲ್ಲಿ ಗುದ್ದಲಿ ಹಾಕಿಸಿದರೆ ಆಗದೆ? ಮಂಡಿ ನೋವಿದ್ದರೂ ತೋಳಿನಲ್ಲಿ ಶಕ್ತಿ ಇದೆ.

ಫೋಟೊ ಇಲ್ಲ. ಇರುವುದು ರೇಷನ್ ಕಾರ್ಡಿನದೊಂದೇ, ಅದರಲ್ಲಿ ಅವನಿಗಿಂತ ಅವನ ಹಿಂದಿನ ಗೋಡೆ ಚೆನ್ನಾಗಿ ಬಂದಿದೆ.

ಕಾವೇರಮ್ಮ


ರಾಮನಗರ
೮ ಆಗಸ್ಟ್ ೨೦೦೫

ಪ್ರಿಯ ಕಾವೇರಮ್ಮನವರಿಗೆ,

ಬದಲಾಯಿಸಲು ಆಗುವುದಿಲ್ಲ. ಆಮಂತ್ರಣ ಹಂಚಿಯಾಗಿದೆ, ವರದಿ ಅಚ್ಚಿಗೆ ಹೋಗಿದೆ. ಮಾಗಡಿಯಿಂದ ರಾಮನಗರ, ರಾಮನಗರದಿಂದ ಕನಕಪುರ, ಎರಡೇ ಬಸ್ಸು. ಅಷ್ಟೊಂದು ಪ್ರಯಾಣ ಮಾಡಿದವರಿಗೆ ಇದೇನು ಕಷ್ಟ? ಹೇಗಾದರೂ ಕರೆಸಿ.

ಒಂದು ಮಾತು ಹೇಳುತ್ತೇನೆ, ಕಚೇರಿಯ ಮಾತಲ್ಲ. ದಿನವಿಡೀ ಹೆಸರುಗಳ ಪಟ್ಟಿ ನೋಡುವುದೇ ನನ್ನ ಕೆಲಸ. ಅಷ್ಟರಲ್ಲಿ ನನಗೆ ಧೈರ್ಯ ಕೊಟ್ಟ ಹೆಸರು ಅದೊಂದೇ. ಹತ್ತುವುದು ಇಳಿಯುವುದು ಎಷ್ಟೇ ಕಷ್ಟವಾದರೂ ವಾರ ವಾರ ಹೊರಟುಬಿಡುವ ಮನುಷ್ಯ ಹೇಗಿರುತ್ತಾರೆ ಎಂದು ನೋಡಬೇಕಾಗಿದೆ. ಅಧ್ಯಕ್ಷರ ಕಾರಿನಲ್ಲಿ ನಾನೂ ಬರುತ್ತಿದ್ದೇನೆ.

ಭಾನುಪ್ರಿಯ


ಮರಳವಾಡಿ
೧೮ ಆಗಸ್ಟ್ ೨೦೦೫

ಭಾನುಪ್ರಿಯ ಅವರಿಗೆ,

ಇದು ಪೂಜೆಗೆ ಮುಂಚೆ ನಿಮ್ಮ ಕೈ ಸೇರಲಿ ಅಂತ ದೇವರಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಸೇರದಿರಲಿ ಅಂತಲೂ ಒಂದು ಮನಸ್ಸು ಕೇಳಿಕೊಳ್ಳುತ್ತಿದೆ.

‘ಟ’ ಅಂದರೆ ಟವಲ್.

ಹೋದ ವರ್ಷ ಏಪ್ರಿಲ್ ೧೨ರಂದು ಬೈರಪ್ಪ ನಿಜವಾಗಿ ವ್ಯಾನು ಹತ್ತಿದ. ಕಾಲಿಗೆ ಜಾಲಿ ಮುಳ್ಳು ಚುಚ್ಚಿತ್ತು, ಸಕ್ಕರೆ ಕಾಯಿಲೆ ಇದ್ದದ್ದರಿಂದ ಗಾಯ ಕೊಳೆತಿತ್ತು. ಕನಕಪುರದಿಂದ ಅವತ್ತೇ ಬೆಂಗಳೂರಿಗೆ ಕಳಿಸಿದರು. ಮಂಡಿಯಿಂದ ಕೆಳಗೆ ಕಾಲು ತೆಗೆದರು. ವಾಸಿಯಾದ ಮೇಲೆ ಮಗಳು ಮಾಗಡಿಗೆ ಕರೆದುಕೊಂಡು ಹೋದಳು. ಆಮೇಲೆ ಅವನು ಊರಿಗೆ ಬರಲಿಲ್ಲ. ತಿಮ್ಮಮ್ಮ ಎರಡು ಸಲ ಹೋಗಿ ಕರೆದಳು. “ಕುರಿ ಹಿಂದೆ ನಡಿಯಕ್ಕಾಗ್ದೋನು ಊರಿಗ್ ಬಂದು ಏನ್ ಮಾಡ್ಲಿ? ಜಗಲಿ ಮ್ಯಾಲೆ ಕುಂತು ಹೋಗೋರ್ ಬರೋರ್ ಕಾಲ್ ನೋಡ್ಲಾ?” ಅಂದನಂತೆ. ಕುರಿ ಬಿಟ್ಟು ಅವಳೂ ಅಲ್ಲಿ ನಿಲ್ಲಲಾರಳು.

ಅವನು ಹೋದ ಮುಂದಿನ ಸೋಮವಾರ ತಿಮ್ಮಮ್ಮ ವ್ಯಾನಿನ ಹತ್ತಿರ ಬಂದು ನಿಂತಳು, ಕೈಯಲ್ಲಿ ಅವನ ಕೆಂಪಂಚಿನ ಟವಲ್. “ನರ್ಸಮ್ಮ, ಯಜಮಾನ್ರು ವಾಪಸ್ ಬರಾವಾಗ ಸೀಟಿಲ್ಲ ಅಂದ್ರೆ ಎಂಗೆ? ಒಸಿ ಹಿಡ್ದಿರಿ” ಅಂದಳು. ನೀವೂ ಬಸ್ಸಿನಲ್ಲಿ ನೋಡಿರುತ್ತೀರಿ, ಕಿಟಕಿಯಿಂದ ಟವಲ್ ಹಾಕಿದರೆ ಸೀಟು ಅವರದು, ಆಮೇಲೆ ಯಾರೂ ಕೂರುವ ಹಾಗಿಲ್ಲ. ಒಂದು ವಾರ ಅಂತ ನಾನು ಹಾಸಿದೆ. ಅವಳು ಪ್ರತಿ ಭಾನುವಾರ ಒಗೆದು, ಮಡಿಚಿ, ಸೋಮವಾರ ತಂದು ಕೊಡುತ್ತಾಳೆ. ಟವಲ್ ಕನಕಪುರಕ್ಕೆ ಹೋಗುತ್ತದೆ, ವಾಪಸ್ ಬರುತ್ತದೆ. ಬೇಡ ಅನ್ನಲು ನನ್ನ ಕೈಲಿ ಆಗಲಿಲ್ಲ. ಒಂದು ದಿನ ಕಣ್ಣು ಕಾಣದೆ ಮುನಿರಾಮಯ್ಯ ಅದರ ಮೇಲೆ ಕೂತದ್ದಕ್ಕೆ ಹತ್ತು ಜನ ಒಟ್ಟಿಗೆ ಕೂಗಿಕೊಂಡರು.

ನಟರಾಜು ಕೇಳಿದ, “ಖಾಲಿ ಅಂತ ಬರುದ್ರೂ ಸುಳ್ಳು, ಬೈರಪ್ಪ ಅಂತ ಬರುದ್ರೂ ಸುಳ್ಳು. ಏನ್ ಬರೀಲಿ ನರ್ಸಮ್ಮ?” ಇರುವುದನ್ನು ಬರಿ ಅಂದೆ. ಟವಲ್ ಬೈರಪ್ಪ ಅಂತ ಬರೆಯಲು ಜಾಗ ಸಾಲದೆ ‘ಟ.’ ಮಾಡಿದ. ನೀವು ಅದನ್ನು ಇನಿಷಿಯಲ್ ಅಂದುಕೊಂಡಿರಿ. ಜುಲೈನಲ್ಲೇ ಹೇಳಬೇಕಿತ್ತು. ಸೋಮವಾರ ಕೈತಪ್ಪಿದರೆ ಈ ಹನ್ನೊಂದು ಜನ ಮಾತ್ರೆ ಬಿಡುತ್ತಾರೆ, ಅದು ನನಗೆ ಗೊತ್ತು. ಆ ಭಯಕ್ಕೆ ಬಾಯಿ ಮುಚ್ಚಿಕೊಂಡೆ. ತಪ್ಪು ನನ್ನದು, ನಟರಾಜುವಿನದಲ್ಲ.

ಬೈರಪ್ಪನಿಂದ ಉತ್ತರ ಬಂದಿದೆ, ನಯನಳ ಕೈಯಲ್ಲಿ ಬರೆಸಿದ್ದು. ಒಂದೇ ಸಾಲು. “ನಾನು ಹತ್ತದ ಗಾಡಿಗೆ ನಂಗ್ ಹಾರ ಹಾಕ್ತಾರಂತಾ, ನಾನೇನ್ ಕಳ್ಳನಾ?”

ಕಾವೇರಮ್ಮ


ಮರಳವಾಡಿ
೨೬ ಆಗಸ್ಟ್ ೨೦೦೫

ಭಾನು ಅವರಿಗೆ,

ಹದಿನೆಂಟನೇ ತಾರೀಕಿನ ನನ್ನ ಪತ್ರ ನಿಮಗೆ ಮೊದಲೇ ಸಿಕ್ಕಿರಲಿಲ್ಲ ಅಂತ ನಿಮ್ಮ ಮುಖ ನೋಡಿದಾಗಲೇ ತಿಳಿಯಿತು. ನೀವು ಊಟಕ್ಕೂ ನಿಲ್ಲದೆ ಕಾರು ಹತ್ತಿದಿರಿ. ಅದಕ್ಕೇ ಉಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಇನ್ನೊಂದು ತಪ್ಪು. ಕಾರಿನ ಬಾಗಿಲು ತೆಗೆದಾಗ ಮೊದಲು ಕೆಳಗೆ ಬಂದದ್ದು ನಿಮ್ಮ ಊರುಗೋಲು, ಆಮೇಲೆ ಕಬ್ಬಿಣದ ಪಟ್ಟಿ ಕಟ್ಟಿದ ಕಾಲು. ಕಾಲು ಗಟ್ಟಿ ಇರುವವರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗಬೇಕು, ಕುರ್ಚಿಯಲ್ಲಿ ಕೂತು ಎಣಿಸುವ ಬದಲು, ಅಂತೆಲ್ಲ ಬರೆದಿದ್ದೆನಲ್ಲ. ಮೂವತ್ತೊಂದು ವರ್ಷ ನರ್ಸಾಗಿದ್ದು ಇಷ್ಟೂ ಊಹಿಸಲಿಲ್ಲ. ನನಗೆ ನಾಚಿಕೆಯಾಗಿದೆ, ಕ್ಷಮಿಸಿ.

ಈಗ ಬೈರಪ್ಪನ ಕಥೆ. ಅವನು ಅವತ್ತು ಬಂದದ್ದು ಗುದ್ದಲಿ ಹಾಕುವುದಕ್ಕಲ್ಲ, ಜಗಳ ಆಡುವುದಕ್ಕೆ. ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಕನಕಪುರದ ಆಸ್ಪತ್ರೆಯ ಗೇಟಿಗೆ ಬಂದು, ನಟರಾಜುವನ್ನು ಹಿಡಿದು ನಿಲ್ಲಿಸಿದನಂತೆ. “ಯಾರ್ಲಾ ಅವ್ನು, ನನ್ ಹೆಸ್ರಲ್ಲಿ ವಾರ ವಾರ ತಿರುಗ್ದೋನು? ತೋರ್ಸ್ಲಾ ಅವನ್ನ!” ನಟರಾಜು ಸುಮ್ಮನೆ ವ್ಯಾನಿನ ಬಾಗಿಲು ತೆಗೆದು ಮೂರನೇ ಸೀಟು ತೋರಿಸಿದ. “ಇವ್ನೇ ಕಣಣ್ಣ.”

ಅಲ್ಲಿ ಅವನ ಟವಲ್ ಇತ್ತು. ಬೈರಪ್ಪ ಅದನ್ನು ನೋಡಿದ. ವ್ಯಾನಿನೊಳಗಿದ್ದ ಹನ್ನೊಂದು ಜನ ಅವನನ್ನು ನೋಡಿದರು. ಮುನಿರಾಮಯ್ಯ ಮಾತ್ರ, “ಯಾರಪ್ಪಾ ಅದು? ಆ ಸೀಟು ಹಿಡ್ದೈತೆ, ಕೂರ್ಬ್ಯಾಡಿ” ಅಂದನಂತೆ. “ನಾನೇ ಕಣಯ್ಯ, ಬೈರ” ಅಂದ ಇವನು. ಗಂಗಹನುಮಯ್ಯ ಕೈ ಕೊಟ್ಟ, ನಯನ ಹಿಂದಿನಿಂದ ಹಿಡಿದಳು, ಹತ್ತಿದ. ಟವಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಕೂತ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದ ಅಂತ ನಟರಾಜು ಹೇಳಿದ.

ಮೈಕಿನ ಮುಂದೆ ಅವನು ಹೇಳಿದ್ದನ್ನು ನೀವೇ ಕೇಳಿದಿರಿ. “ನಾನು ಈ ವ್ಯಾನ್ ಹತ್ತಿದ್ದು ಹೋದ್ವರ್ಸ ಒಂದ್ಸಲ. ಇಳ್ದಿದ್ದು ಇವತ್ತು. ಹಾರ ನಂಗ್ ಬ್ಯಾಡ, ಹಾಕದಾದ್ರೆ ಈ ಟವಲ್‌ಗೆ ಹಾಕಿ.” ಮನೋಹರ್ ಸಾಹೇಬರಿಗೆ ಏನೂ ಅರ್ಥವಾಗದೆ ನಿಮ್ಮ ಕಡೆ ನೋಡಿದರು. ನೀವು ಊರುಗೋಲು ಎತ್ತಿಕೊಂಡು ಕಾರಿನ ಕಡೆ ತಿರುಗಿದಿರಿ. ಆಗ ಹೆಂಗಸರ ಗುಂಪಿನಿಂದ ತಿಮ್ಮಮ್ಮ ಕೂಗಿದಳಲ್ಲ, “ಬಂದ್ಬುಟ್ರಲ್ಲ, ಸಾಕ್ ಬುಡಿ ಈಗ. ಗುದ್ದಲಿ ಹಿಡೀರಿ, ಮೂರ್ತ ಮೀರ್ತದೆ!” ಅವನು ಹಿಡಿದ. ಅಷ್ಟರಲ್ಲಿ ನೀವು ಕಾರಿನಲ್ಲಿದ್ದಿರಿ.

ಬೈರಪ್ಪ ಅವತ್ತು ತನ್ನ ಮನೆಯಲ್ಲೇ ಉಳಿದ. ಮಾಗಡಿಗೆ ನಯನ ಒಬ್ಬಳೇ ಹೋದಳು.

ಸೋಮವಾರದ ಗತಿ ಏನಾಯಿತು ಅಂತ ಒಂದು ಮಾತು ತಿಳಿಸಿ. ನನ್ನನ್ನು ತೆಗೆದುಹಾಕಿದರೂ ಸರಿ, ಆ ದಿನ ಉಳಿಸಿ.

ಕಾವೇರಮ್ಮ


ಮರಳವಾಡಿ
೧೯ ಸೆಪ್ಟೆಂಬರ್ ೨೦೦೫

ಭಾನು ಅವರಿಗೆ,

ಇಷ್ಟು ದಿನವಾದರೂ ಉತ್ತರವಿಲ್ಲ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಗುದ್ದಲಿ ಹಾಕಿದ ಗುಂಡಿಯಲ್ಲಿ ಮಳೆ ನೀರು ನಿಂತಿದೆ, ಇಟ್ಟಿಗೆ ಬಂದಿಲ್ಲ. ಇವತ್ತಿನ ವ್ಯಾನು ಹೋಯಿತು. ಮುಂದಿನ ಸೋಮವಾರ ಉಂಟೋ ಇಲ್ಲವೋ ಅಂತ ದಿನಾ ಹನ್ನೊಂದು ಜನ ಕೇಳುತ್ತಾರೆ.

ಕಾವೇರಮ್ಮ


ರಾಮನಗರ
೨೬ ಸೆಪ್ಟೆಂಬರ್ ೨೦೦೫

ಕಾವೇರಮ್ಮ,

ನಿಮ್ಮ ಹದಿನೆಂಟರ ಪತ್ರ ಪೂಜೆಯ ಮರುದಿನ ನನ್ನ ಮೇಜಿನ ಮೇಲಿತ್ತು. ನಾಲ್ಕು ದಿನ ನಿಜವಾಗಿಯೂ ಸಿಟ್ಟಿತ್ತು. ಅಷ್ಟು ಜನರ ಮುಂದೆ ಆ ಹೆಸರು ಹೊಗಳಿದವಳು ನಾನು, ಟವಲ್ ಒಂದಕ್ಕೆ ಒಂದು ಪುಟ ಅಚ್ಚು ಹಾಕಿಸಿದವಳೂ ನಾನೇ. ಐದನೇ ದಿನ ಗುಮಾಸ್ತರು, “ಮೇಡಂ, ಹೆಗಲ ಮೇಲೆ ಹಾಕ್ಕೊಂಡು ಓಡಾಡೋದು ಅಂತ ಅವರು ಮೊದ್ಲೇ ಬರೆದಿದ್ರು” ಅಂದರು. ನಗು ಬಂತು, ನಿಲ್ಲಿಸಲು ಆಗಲಿಲ್ಲ.

ಉತ್ತರ ತಡವಾದದ್ದು ಸಿಟ್ಟಿನಿಂದಲ್ಲ. ಸಮಿತಿ ಕೂಡಿದ್ದು ಮೊನ್ನೆ ಇಪ್ಪತ್ತನಾಲ್ಕಕ್ಕೆ. ಏನೂ ತೀರ್ಮಾನವಾಗದೆ ನಿಮಗೆ ಸುಳ್ಳು ಸಮಾಧಾನ ಬರೆಯುವುದು ಬೇಡವೆಂದು ಕಾದೆ.

ನಾನೂ ಒಂದು ಸುಳ್ಳು ಹೇಳಿದ್ದೆ. ಕೆಲಸದ ಒತ್ತಡ ಇರಲಿಲ್ಲ. ಮೂರನೇ ವರ್ಷಕ್ಕೆ ಪೋಲಿಯೊ ಆದವಳು ನಾನು. ಕಾಲೇಜಿನಲ್ಲಿದ್ದಾಗ ಒಮ್ಮೆ ಬಸ್ಸು ಹತ್ತುವಾಗ ತಡವಾಯಿತೆಂದು ಕಂಡಕ್ಟರ್ ನನ್ನನ್ನು ಮೂಟೆಯ ಹಾಗೆ ಎತ್ತಿ ಒಳಗಿಟ್ಟರು. ಅವರದು ಒಳ್ಳೆಯ ಮನಸ್ಸೇ. ಆದರೆ ಅವತ್ತಿನಿಂದ ನಾನು ಬಸ್ಸು ಹತ್ತಿಲ್ಲ. ಅಪ್ಪ ಕಚೇರಿಗೆ ಬಿಡುತ್ತಾರೆ, ಕರೆದುಕೊಂಡು ಹೋಗುತ್ತಾರೆ. ಜನ ಓಡಾಡುವ ವ್ಯವಸ್ಥೆ ಮಾಡುವ ಟ್ರಸ್ಟಿನಲ್ಲಿ ಕೂತು, ಎರಡು ಬಸ್ಸು ಬದಲಿಸಿ ನಿಮ್ಮಲ್ಲಿಗೆ ಬರುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಟ. ಬೈರಪ್ಪ ನನಗೆ ಅಷ್ಟು ದೊಡ್ಡವರಾಗಿ ಕಂಡದ್ದು. ಅಂಥವರೇ ಇಲ್ಲ ಎಂದು ಗೊತ್ತಾದಾಗ ಅಳು ಬಂತು, ಊಟಕ್ಕೆ ನಿಲ್ಲದೆ ಹೊರಟೆ.

ಸಮಿತಿಯಲ್ಲಿ ಇಬ್ಬರು, ರಿಜಿಸ್ಟರೇ ಸುಳ್ಳು, ಸೋಮವಾರವನ್ನು ಹಾರೋಹಳ್ಳಿಗೆ ಕೊಡಿ ಎಂದರು. ನಾನು ಎದ್ದು ನಿಂತು ಏಪ್ರಿಲ್ ೧೨ರ ಪುಟ ತೋರಿಸಿದೆ. ಹೋದರು, ಗುರುತಿದೆ. ಬಂದರು, ಖಾಲಿ. ರೋಗಿಯನ್ನು ಕರೆದುಕೊಂಡು ಹೋಗುವ ಗಾಡಿ ಬೇಕಾದಷ್ಟಿವೆ, ಹೋದವನಿಗೆ ವಾಪಸ್ ಬರುವ ಸೀಟನ್ನು ಹದಿನಾರು ತಿಂಗಳು ಹಿಡಿದಿಟ್ಟುಕೊಂಡ ಗಾಡಿ ಇನ್ನೊಂದಿದ್ದರೆ ತೋರಿಸಿ ಎಂದೆ. ಮನೋಹರ್ ಅವರು ಆ ಪುಟವನ್ನು ತಮ್ಮ ಕಡೆ ಎಳೆದುಕೊಂಡು ಹೇಳಿದರು, “ಹಾರ ಹಾಕೋಕೆ ಕರೆದ್ರೆ ನಾನಲ್ಲ ಅಂತ ಹೇಳೋಕೆ ಅಷ್ಟು ದೂರ ಬಂದ್ರಲ್ಲ ಆ ಮನುಷ್ಯ. ರಿಜಿಸ್ಟರ್ ಅವರ ಕೈಗೇ ಕೊಡಿ.”

ಸೋಮವಾರ ಉಳಿಯಿತು. ಕಾರ್ಖಾನೆಯವರಿಗೆ ವ್ಯಾನು ಬಿಡುವಾಗಿರುವ ಗುರುವಾರ ಕೊಟ್ಟಿದ್ದೇವೆ, ಒಪ್ಪಿದ್ದಾರೆ. ಆ ದಿನ ಆಗುತ್ತದೆಯೇ ಎಂದು ಮೊದಲು ಯಾರೂ ಅವರನ್ನು ಕೇಳಿರಲೇ ಇಲ್ಲ. ಕಟ್ಟಡ ಮರಳವಾಡಿಗೇ. ಅದನ್ನು ನೋಡಿಕೊಂಡು, ಬರುವವರ ಹೋಗುವವರ ಲೆಕ್ಕ ಇಡುವ ಕೆಲಸ ಬೈರಪ್ಪನವರಿಗೆ. ಅವರು ಒಪ್ಪುತ್ತಾರೆಯೇ ಕೇಳಿ. ನಕ್ಷೆಯಲ್ಲಿ ನಾನೊಂದು ಬದಲಾವಣೆ ಮಾಡಿದ್ದೇನೆ, ಎಲ್ಲಿಯೂ ಮೆಟ್ಟಿಲಿಲ್ಲ, ಇಳಿಜಾರು ಮಾತ್ರ.

ಏಪ್ರಿಲ್ ೧೨ರ ಖಾಲಿ ಜಾಗವನ್ನು ನಾನೇ ತುಂಬಿದೆ. ‘ಬಂದರು, ೨೨ ಆಗಸ್ಟ್ ೨೦೦೫.’

ನಿಮ್ಮ
ಭಾನು


ಮರಳವಾಡಿ
೬ ಮಾರ್ಚ್ ೨೦೦೬

ಭಾನು ಮಗಳಿಗೆ,

ಕಟ್ಟಡಕ್ಕೆ ಬಣ್ಣ ಬಳಿದಾಯಿತು. ಉದ್ಘಾಟನೆಗೆ ಯಾರೂ ಕಾಯಲಿಲ್ಲ, ಮಳೆ ಬಂತು ಅಂತ ಹೋದ ತಿಂಗಳೇ ಎಲ್ಲರೂ ಒಳಗೆ ಹೋಗಿ ಕೂತುಬಿಟ್ಟರು.

ನೀನು ಚನ್ನಪಟ್ಟಣದ ಗಫಾರ್ ಸಾಹೇಬರ ಹತ್ತಿರ ಮಾಡಿಸಿ ಕಳಿಸಿದ ಮರದ ಗೂಟಗಳನ್ನು ಗೋಡೆಗೆ ಸಾಲಾಗಿ ಹೊಡೆಸಿದ್ದೇವೆ. ಗೊಂಬೆಗೆ ಹಚ್ಚುವ ಅರಗಿನ ಬಣ್ಣ, ಫಳಫಳ ಅನ್ನುತ್ತವೆ. ಓದು ಬರದವರಿಗೆ ಅದೇ ಗುರುತು. ಹಳದಿ ಮುನಿರಾಮಯ್ಯನದು, ಹಸಿರು ಗಂಗಹನುಮಯ್ಯನದು. ಹಿಂದಿನ ದಿನ ಬಂದು ತಮ್ಮ ಗೂಟಕ್ಕೆ ಟವಲ್ ಹಾಕಿ ಹೋದರೆ ಸೀಟು ಅವರದು. ನಮ್ಮ ಬುಕಿಂಗ್ ಆಫೀಸು ಇದು.

ಬೈರಪ್ಪನಿಗೆ ಬರೆಯಲು ಬರುವುದಿಲ್ಲ. ಹೆಸರು ಬರೆಯುವುದು ಈಗಲೂ ನಟರಾಜುವೇ. ಎಣಿಸುವುದು ಇವನು. ಬೆಳಿಗ್ಗೆ ಹೋಗುವಾಗ ಇವನು ತಲೆ ಎತ್ತಿಯೂ ನೋಡುವುದಿಲ್ಲ ಅಂತ ನಾನು ಬೈದೆ. “ಕುರಿ ಹೋಗಾವಾಗ ಯಾರ್ ಎಣಿಸ್ತಾರೆ ನರ್ಸಮ್ಮ? ಎಣ್ಸಾದು ಬರಾವಾಗ” ಅಂದ. ಹೋದ ಸೋಮವಾರ ಎಲ್ಲರೂ ಇಳಿದ ಮೇಲೆ, “ಒಂದ್ ತಲೆ ಕಮ್ಮಿ ಐತೆ” ಅಂದ. ನಟರಾಜು ಇಲ್ಲ ಅಂದ, ಇವನು ಬಿಡಲಿಲ್ಲ. ಹತ್ತಿದವರು ಯಾರು ಅಂತ ಎಲ್ಲರೂ ಗೊಂದಲ ಮಾಡಿಕೊಂಡರು. ಕೊನೆಗೆ ನಟರಾಜು ಕನಕಪುರಕ್ಕೆ ವಾಪಸ್ ಹೋಗಿ ನೋಡಿದರೆ, ಗಂಗಹನುಮಯ್ಯ ಆಸ್ಪತ್ರೆಯ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ.

ತಿಮ್ಮಮ್ಮ ಈಗ ಸಂಜೆ ಕುರಿ ಅಟ್ಟಿಕೊಂಡು ಕಟ್ಟಡದ ಮುಂದಿನಿಂದಲೇ ಬರುತ್ತಾಳೆ. ಬೈರಪ್ಪ ಜಗಲಿಯ ಮೇಲೆ ಕೂತು ಅವನ್ನೂ ಎಣಿಸಿಬಿಡುತ್ತಾನೆ.

ಇನ್ನು ಮುಖ್ಯ ವಿಷಯ. ಮೂರನೇ ಸೀಟಿನಲ್ಲಿ ಬೈರಪ್ಪ ಈಗ ಕೂರುವುದಿಲ್ಲ, ಸಕ್ಕರೆ ಪರೀಕ್ಷೆಗೆ ಹೋಗಬೇಕಾದ ದಿನ ಮಾತ್ರ ನಟರಾಜುವಿನ ಪಕ್ಕ ಕೂರುತ್ತಾನೆ. ಆ ಸೀಟು ಖಾಲಿ ಬಿಡಬೇಡ ಅಂತ ನಾನು ಅಂದದ್ದಕ್ಕೆ ಅವನು, “ರಾಮನಗರದ ಅವ್ವ ಊಟ ಮಾಡ್ದೆ ಹೋಯ್ತಲ್ಲ, ಅದು ಬರಗಂಟ ಹಿಡ್ದಿರ್ತೀನಿ” ಅಂದ. ಹೆಗಲ ಮೇಲಿನ ಕೆಂಪಂಚಿನ ಟವಲ್ ತೆಗೆದು ಕೆಂಪು ಗೂಟಕ್ಕೆ ಹಾಕಿದ. ನಾಲ್ಕು ಸೋಮವಾರದಿಂದ ಅದು ಕನಕಪುರಕ್ಕೆ ಹೋಗಿ ಬರುತ್ತಿದೆ. ರಿಜಿಸ್ಟರಿನಲ್ಲಿ ನಟರಾಜು ಏನು ಬರೆಯುತ್ತಿದ್ದಾನೆ ಅಂತ ಈ ಸಲ ನಾನು ಮೊದಲೇ ಹೇಳಿಬಿಡುತ್ತೇನೆ. ‘ಟ. ಭಾನುಪ್ರಿಯ.’ ಆಮೇಲೆ ಯಾರೂ ಚಪ್ಪಾಳೆ ತಟ್ಟುವುದು ಬೇಡ.

ವ್ಯಾನಿಗೆ ಒಂದು ಮರದ ಮೆಟ್ಟಿಲು ಮಾಡಿಸಿದ್ದೇವೆ, ಒಂದೇ ಗೇಣು ಎತ್ತರ. ಯಾರೂ ಎತ್ತಿ ಇಡುವುದಿಲ್ಲ. ಕೈ ಬೇಕಾದರೆ ನೀನೇ ಕೇಳಬೇಕು. ಸೊಸೆಗೆ ಉಪ್ಪಿನ ವಿಷಯ ಹೇಳಿದ್ದೇನೆ.

ನಿನ್ನ
ಕಾವೇರಮ್ಮ


ರಾಮನಗರ
೧೩ ಮಾರ್ಚ್ ೨೦೦೬

ಕಾವೇರಮ್ಮ,

ನಿನ್ನೆ ಭಾನುವಾರ ಅಪ್ಪನಿಗೆ ಹೇಳದೆ ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬಂದೆ. ಒಬ್ಬಳೇ. ಹತ್ತುವಾಗ ಕಂಡಕ್ಟರ್ ಕೈ ಮುಂದೆ ಮಾಡಿದರು, ಒಂದು ನಿಮಿಷ ಇರಿ ಸಾರ್, ನಾನೇ ಹತ್ತುತ್ತೇನೆ ಎಂದೆ. ಇದ್ದರು. ಗಫಾರ್ ಸಾಹೇಬರು ಚಹಾ ಕೊಟ್ಟರು. ವಾಪಸ್ ಬರುವಾಗ ಬಸ್ಸು ತುಂಬಿತ್ತು, ಕಿಟಕಿಯಿಂದ ನನ್ನ ದುಪಟ್ಟಾ ಎಸೆದು ಸೀಟು ಹಿಡಿದೆ. ಯಾರೂ ಕೂರಲಿಲ್ಲ.

ಮುಂದಿನ ಸೋಮವಾರ ಒಂದು ಗಂಟೆಗೆ ಕನಕಪುರದ ಆಸ್ಪತ್ರೆಯ ಗೇಟಿನಲ್ಲಿ ನಿಂತಿರುತ್ತೇನೆ. ನಟರಾಜುವಿಗೆ ಹೇಳಿ. ಬೈರಪ್ಪನವರಿಗೆ, ಆ ದಿನ ಒಂದು ತಲೆ ಹೆಚ್ಚಿರುತ್ತದೆ ಎಂದು ಹೇಳಿ. ಅಲ್ಲಿಯ ತನಕ ಟವಲ್ ಎತ್ತಬೇಡಿ.

ಬತ್ತೀನಿ.

ಟ. ಭಾನುಪ್ರಿಯ